ಎಂಟು ನಿಮಿಷಗಳ ಪರೀಕ್ಷೆ: ಪರದೇಶಕ್ಕೆ ಹೊರಟ ನಮ್ಮ ಯುವ ವೈದ್ಯರು

ರೋಗಿಗಳ ಆರೈಕೆಗೂ ನಮ್ಮ ಕಥೋಲಿಕ ಸಮುದಾಯಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಯೇಸುಸಭೆಯ ವಂದನೀಯ ಅಗಸ್ಟಸ್ ಮುಲ್ಲರ್ ಗುರುಗಳು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಸಣ್ಣದಾಗಿ ಆರಂಭಿಸಿದ ಔಷಧ ಸೇವೆ ಮುಂದೆ ಹೆಮ್ಮರವಾಗಿ ಬೆಳೆಯಿತು. 1886ರಲ್ಲಿ ಬೆಂಗಳೂರಿನ ಸಂತ ಮಾರ್ತರ ಆಸ್ಪತ್ರೆ, 1963ರಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು, 1999ರಲ್ಲಿ ಫಾದರ್ ಮುಲ್ಲರ್ ವೈದ್ಯಕೀಯ ಕಾಲೇಜು ಹುಟ್ಟಿಕೊಂಡವು. ಇದರ ಫಲವಾಗಿ ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ವೈದ್ಯರೋ ದಾದಿಯರೋ ಇರುವ ಕುಟುಂಬಗಳು ಬಹಳ. ಈ ಕುಟುಂಬಗಳ ಯುವಕ ಯುವತಿಯರಲ್ಲಿ ಹಲವರು ಎಂ.ಬಿ.ಬಿ.ಎಸ್. ಪದವಿಯನ್ನೂ ಒಂದು ವರ್ಷದ ಕಡ್ಡಾಯ ತರಬೇತಿಯನ್ನೂ ಮುಗಿಸಿದ ಕೂಡಲೇ ಬ್ರಿಟನ್ನಿನ ಕಡೆಗೆ ಮುಖಮಾಡುತ್ತಾರೆ. ಅಲ್ಲಿಗೆ ತಲುಪುವ ದಾರಿಯಲ್ಲಿ ಒಂದು ವಿಲಕ್ಷಣ ಪರೀಕ್ಷೆಯಿದೆ. ಅದು ಏನನ್ನು ಅಳೆಯುತ್ತದೆ, ಅದಕ್ಕೆ ಸಿದ್ಧತೆ ಹೇಗೆ, ಮನೆಯವರ ಕರ್ತವ್ಯವೇನು ಎಂಬುದನ್ನು ತಂದೆತಾಯಿಗಳೂ ತಿಳಿದಿರುವುದು ಒಳ್ಳೆಯದು.

ಪರೀಕ್ಷೆಯ ಹಿನ್ನೆಲೆ

ಒಂದು ಕಾಲದಲ್ಲಿ ಭಾರತದ ವೈದ್ಯಕೀಯ ಪದವಿಗೆ ಬ್ರಿಟನ್ನಿನಲ್ಲಿ ನೇರ ಮಾನ್ಯತೆಯಿತ್ತು. 1975ರಲ್ಲಿ ಆ ಸ್ಥಿತಿ ಬದಲಾಗಿ, ಹೊರದೇಶಗಳಲ್ಲಿ ಕಲಿತ ವೈದ್ಯರಿಗೆ ಪರೀಕ್ಷೆಯೊಂದು ಜಾರಿಗೆ ಬಂತು. ಅದೇ ಮುಂದೆ 'ಪ್ಲಾಬ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಇದನ್ನು ನಡೆಸುವುದು ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್. ಮೊದಲು ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ನಿಗದಿತ ಅಂಕ ಗಳಿಸಬೇಕು. ಅನಂತರದ ಮೊದಲ ಭಾಗ ಮೂರು ಗಂಟೆಗಳ, 180 ಪ್ರಶ್ನೆಗಳ ಲಿಖಿತ ಪರೀಕ್ಷೆ. ಓದಿನಲ್ಲಿ ಚುರುಕಾಗಿರುವ ನಮ್ಮ ಮಕ್ಕಳಿಗೆ ಇದೇನೂ ಅಪರಿಚಿತವಲ್ಲ. ಅವರ ನಿದ್ದೆಗೆಡಿಸುವುದು ಎರಡನೆಯ ಭಾಗ. ಇದು ಮ್ಯಾಂಚೆಸ್ಟರ್ ನಗರದಲ್ಲಿ ನಡೆಯುವ ಪ್ರಾಯೋಗಿಕ ಪರೀಕ್ಷೆ.

ಈ ಪ್ರಾಯೋಗಿಕ ಪರೀಕ್ಷೆಯ ಮಾದರಿಯನ್ನು ರೂಪಿಸಿದವರು ಸ್ಕಾಟ್ಲೆಂಡಿನ ಡಂಡಿ ನಗರದ ಪ್ರಾಧ್ಯಾಪಕ ರೊನಾಲ್ಡ್ ಹಾರ್ಡನ್. ಒಬ್ಬ ಪರೀಕ್ಷಕ, ಒಬ್ಬ ರೋಗಿ, ಒಂದು ಮೌಖಿಕ ಎಂಬ ಹಳೆಯ ಕ್ರಮದಲ್ಲಿ ಅದೃಷ್ಟದ ಪಾಲು ಹೆಚ್ಚೆಂದು ಕಂಡ ಅವರು, ಎಲ್ಲ ಅಭ್ಯರ್ಥಿಗಳೂ ಒಂದೇ ಬಗೆಯ ಅನೇಕ ಸಣ್ಣ ಪರೀಕ್ಷೆಗಳನ್ನು ಸರದಿಯಂತೆ ಎದುರಿಸುವ ಪದ್ಧತಿಯನ್ನು 1975ರಲ್ಲಿ ಪ್ರಕಟಪಡಿಸಿದರು. ರೋಗಿಯ ಪಾತ್ರವನ್ನು ತರಬೇತಿ ಪಡೆದ ನಟರಿಗೆ ವಹಿಸುವ ಪರಿಪಾಠ ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಅಮೆರಿಕದ ಹೋವರ್ಡ್ ಬ್ಯಾರೋಸ್ ಎಂಬ ವೈದ್ಯರಿಂದ ಆರಂಭವಾಗಿತ್ತು.

ಅಮೆರಿಕದಲ್ಲಿ ಬಂಧುಗಳಿರುವವರು ಅಲ್ಲಿಯೂ ಇಂತಹ ಪರೀಕ್ಷೆ ಇದೆಯಲ್ಲವೇ ಎಂದು ಕೇಳುವುದುಂಟು. ಪರದೇಶಿ ವೈದ್ಯರಿಗಾಗಿ 1998ರಲ್ಲಿ ಅಲ್ಲಿ ಅಂಥದೊಂದು ಪರೀಕ್ಷೆ ಶುರುವಾಯಿತು. 2004ರಿಂದ ಅಮೆರಿಕದ ವಿದ್ಯಾರ್ಥಿಗಳೂ ಅದಕ್ಕೆ ಒಳಪಟ್ಟರು. ಆದರೆ ಕೋವಿಡ್ ಪಿಡುಗಿನ ನಿಮಿತ್ತ 2020ರ ಮಾರ್ಚಿನಲ್ಲಿ ನಿಲ್ಲಿಸಲ್ಪಟ್ಟ ಆ ಪರೀಕ್ಷೆಯನ್ನು 2021ರ ಜನವರಿಯಲ್ಲಿ ಶಾಶ್ವತವಾಗಿ ಕೈಬಿಡಲಾಯಿತು. ಹಳೆಯ ಮಾಹಿತಿಯನ್ನು ನಂಬಿ ಯಾರೂ ಮೋಸಹೋಗಬಾರದೆಂದು ಈ ಮಾತನ್ನು ಇಲ್ಲಿ ಹೇಳಬೇಕಾಯಿತು.

ಹದಿನಾರು ಬಾಗಿಲುಗಳು

ಪರೀಕ್ಷೆಯ ದಿನ ಅಭ್ಯರ್ಥಿಯು 16 ಸಣ್ಣ ಕೋಣೆಗಳನ್ನು ಒಂದರ ನಂತರ ಒಂದರಂತೆ ಪ್ರವೇಶಿಸಬೇಕು. ಬಾಗಿಲ ಹೊರಗೆ ಸಂದರ್ಭವನ್ನು ವಿವರಿಸುವ ಕೆಲವು ಸಾಲುಗಳಿರುತ್ತವೆ. ಅದನ್ನು ಓದಿಕೊಳ್ಳಲು ಒಂದೂವರೆ ನಿಮಿಷ, ಒಳಗಿನ ಕೆಲಸಕ್ಕೆ ಎಂಟು ನಿಮಿಷ. ಗಂಟೆ ಬಾರಿಸಿತೆಂದರೆ ಅರ್ಧ ಆಡಿದ ಮಾತನ್ನು ಅಲ್ಲೇ ಬಿಟ್ಟು ಹೊರಡಬೇಕು. ಒಂದು ಕೋಣೆಯಲ್ಲಿ ಎದೆನೋವಿನಿಂದ ನರಳುವ ನಡುವಯಸ್ಸಿನವನಿರಬಹುದು. ಮತ್ತೊಂದರಲ್ಲಿ ಮಗುವಿನ ಜ್ವರದಿಂದ ಗಾಬರಿಯಾದ ತಾಯಿ, ಇನ್ನೊಂದರಲ್ಲಿ ತಂದೆಯ ಶಸ್ತ್ರಚಿಕಿತ್ಸೆ ಮುಂದೂಡಿದ್ದಕ್ಕೆ ಕೆರಳಿ ಕೆಂಡವಾದ ಮಗ ಇರಬಹುದು. ಎಲ್ಲರೂ ನಟರು, ಆದರೆ ನಟನೆ ಎಷ್ಟು ಸಹಜವೆಂದರೆ ಅದು ನಟನೆಯೆಂಬುದೇ ಮರೆತುಹೋಗುತ್ತದೆ. ಪರೀಕ್ಷಕರು ಮೂಲೆಯಲ್ಲಿ ಮೌನವಾಗಿ ಕುಳಿತಿರುತ್ತಾರೆ. ಗೊಂಬೆಯ ತೋಳಿನಿಂದ ರಕ್ತ ತೆಗೆಯುವುದು ಮೊದಲಾದ ಕೈಕೆಲಸವೂ ಇರಬಹುದು.

ಅಂಕಗಳನ್ನು ಮೂರು ವಿಭಾಗಗಳಲ್ಲಿ ಕೊಡಲಾಗುತ್ತದೆ: ರೋಗದ ವಿವರಗಳನ್ನು ಕಲೆಹಾಕುವ ಹಾಗೂ ತಪಾಸಣೆ ಮಾಡುವ ಕೌಶಲ, ಚಿಕಿತ್ಸೆಯ ನಿರ್ಧಾರ, ರೋಗಿಯೊಂದಿಗಿನ ವ್ಯವಹಾರ. ಮೂರೂ ಸಮಾನ ಗೌರವದವು. ಒಟ್ಟು ಅಂಕ ಸಾಕಷ್ಟು ಬಂದರೂ, ನಿಗದಿತ ಸಂಖ್ಯೆಯ ಕೋಣೆಗಳಲ್ಲಿ ಉತ್ತೀರ್ಣನಾಗದಿದ್ದರೆ ಆತನು ಅನುತ್ತೀರ್ಣನೇ. ಆದುದರಿಂದ ಹೃದ್ರೋಗದಲ್ಲಿ ಪಂಡಿತನಾಗಿ, ಅಳುವ ತಾಯಿಯ ಮುಂದೆ ಮೂಕನಾಗುವವನಿಗೆ ಇಲ್ಲಿ ದಾರಿಯಿಲ್ಲ.

ಬಾಯಿಪಾಠ ಸಲ್ಲದು

ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಯು ರೋಗಿಯನ್ನು ಪರೀಕ್ಷಿಸಿ, ಪರೀಕ್ಷಕರ ಕಡೆಗೆ ತಿರುಗಿ ಒಪ್ಪಿಸುವುದು ರೂಢಿ. ಮ್ಯಾಂಚೆಸ್ಟರಿನಲ್ಲಿ ಪರೀಕ್ಷಕರತ್ತ ತಿರುಗುವ ಅಗತ್ಯವೇ ಇಲ್ಲ. ಇಡೀ ಮಾತು ರೋಗಿಯೊಡನೆ ನಡೆಯಬೇಕು. ಹೊರರೋಗಿ ವಿಭಾಗದಲ್ಲಿ ದಿನಕ್ಕೆ ನೂರಾರು ಜನರನ್ನು ನೋಡಿ ಬಂದ ತರುಣ ವೈದ್ಯನಿಗೆ ಈ ಬದಲಾವಣೆ ಸುಲಭವಲ್ಲ. ಎರಡೇ ಮಾತಿನಲ್ಲಿ ರೋಗ ಹಿಡಿಯುವುದು ಅಲ್ಲಿ ಆತನ ಸಾಮರ್ಥ್ಯವಾಗಿತ್ತು. ಇಲ್ಲಿ ಅದೇ ಅವಸರವೆನಿಸುತ್ತದೆ.

ಸಿದ್ಧತೆಗೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಒಬ್ಬರೇ ಕುಳಿತು ಪುಸ್ತಕ ತಿರುವಿಹಾಕುವುದರಿಂದ ಆಗುವ ಪ್ರಯೋಜನ ಅಲ್ಪ. ಇಬ್ಬರು ಮೂವರು ಜೊತೆಗೂಡಿ, ಗಡಿಯಾರವನ್ನು ಎದುರಿಗಿಟ್ಟುಕೊಂಡು, ಒಬ್ಬರು ವೈದ್ಯರಾಗಿ ಮತ್ತೊಬ್ಬರು ರೋಗಿಯಾಗಿ ಅಭ್ಯಾಸ ಮಾಡಬೇಕು. ರೋಗಿಯ ಪಾತ್ರ ವಹಿಸುವುದೇ ದೊಡ್ಡ ಪಾಠ; ವೈದ್ಯನು ಮುಖ ನೋಡದೆ ಪ್ರಶ್ನೆ ಎಸೆದಾಗ ಆಗುವ ನೋವು ಆಗ ಅರ್ಥವಾಗುತ್ತದೆ. ಪ್ರತಿಯೊಂದು ಸಂಭಾಷಣೆಯಲ್ಲಿ ಮೂರು ಸಂಗತಿಗಳನ್ನು ಕೇಳಿ ತಿಳಿಯಬೇಕೆಂದು ಅಲ್ಲಿನ ಪದ್ಧತಿ ಕಲಿಸುತ್ತದೆ: ತನಗೆ ಏನಾಗಿರಬಹುದೆಂದು ರೋಗಿಯ ಊಹೆ, ಯಾವುದರ ಬಗ್ಗೆ ಆತನಿಗೆ ಭಯ, ವೈದ್ಯರಿಂದ ಆತನ ನಿರೀಕ್ಷೆ. ಶುಭಸಂದೇಶವನ್ನು ಬಲ್ಲ ನಮಗೆ ಇದು ಹೊಸದೆನಿಸಬಾರದು. ಜೆರಿಕೊ ಪಟ್ಟಣದ ಹೊರಗೆ ಕುಳಿತಿದ್ದ ಬಾರ್ತಿಮಾಯನು ಕುರುಡನೆಂಬುದು ಯೇಸುಸ್ವಾಮಿಗೆ ತಿಳಿಯದ ವಿಷಯವಾಗಿರಲಿಲ್ಲ. ಹಾಗಿದ್ದರೂ ತಾವು ಏನು ಮಾಡಬೇಕೆಂದು ಅವರು ಆತನನ್ನೇ ಕೇಳಿದರು.

ಆದರೆ ಈ ಮೂರು ಪ್ರಶ್ನೆಗಳನ್ನು ಗಿಳಿಪಾಠದಂತೆ ಒಪ್ಪಿಸಿದರೆ ಅಂಕ ದೊರೆಯದು. ತರಬೇತಿ ಕೇಂದ್ರಗಳಲ್ಲಿ ಕಲಿತ ಸಹಾನುಭೂತಿಯ ವಾಕ್ಯಗಳನ್ನು ರೋಗಿ ಏನೇ ಹೇಳಲಿ ಉಚ್ಚರಿಸುತ್ತಾ ಹೋಗುವವರನ್ನು ಪರೀಕ್ಷಕರು ಕ್ಷಣಮಾತ್ರದಲ್ಲಿ ಗುರುತಿಸುತ್ತಾರೆ. ಪತ್ನಿ ತೀರಿಕೊಂಡಳೆಂದು ವೃದ್ಧನೊಬ್ಬ ಹೇಳಿದಾಗ ಎರಡು ಕ್ಷಣ ಸುಮ್ಮನಿರುವುದು, ಸಿದ್ಧವಾಕ್ಯವೊಂದನ್ನು ಹೇಳಿ ಮುಂದಿನ ಪ್ರಶ್ನೆಗೆ ಹಾರುವುದಕ್ಕಿಂತ ಮೇಲು. ಕಠಿಣ ವೈದ್ಯಕೀಯ ಪದಗಳನ್ನು ಬಿಟ್ಟು ಮನೆಮಾತಿನಲ್ಲಿ ವಿವರಿಸುವುದು, ಮುಟ್ಟುವ ಮೊದಲು ಅನುಮತಿ ಕೇಳುವುದು, ಕೊನೆಗೆ ರೋಗಿಗೆ ಅರ್ಥವಾಯಿತೇ ಎಂದು ಖಚಿತಪಡಿಸಿಕೊಳ್ಳುವುದು, ಇವನ್ನೆಲ್ಲ ಹವ್ಯಾಸವಾಗುವ ತನಕ ರೂಢಿಸಿಕೊಳ್ಳಬೇಕು. ಸ್ಥಳೀಯ ನಿಯಮಗಳೂ ತಿಳಿದಿರಬೇಕು. ಉದಾಹರಣೆಗೆ, ಮೊದಲ ಬಾರಿಗೆ ಮೂರ್ಛೆ ಬಂದ ವ್ಯಕ್ತಿಗೆ ವಾಹನ ಚಲಾಯಿಸಬೇಡಿ, ಪರವಾನಗಿ ನೀಡುವ ಇಲಾಖೆಗೆ ತಿಳಿಸಿ ಎಂದು ಹೇಳದಿದ್ದರೆ, ಉಳಿದೆಲ್ಲ ಸರಿಯಿದ್ದರೂ ಅದು ದೊಡ್ಡ ಲೋಪ.

ಸತ್ಯವನ್ನು ಯಾರಿಗೆ ಹೇಳಬೇಕು?

ನಮ್ಮ ವೈದ್ಯರು ಹೆಚ್ಚು ತಡವರಿಸುವುದು ಕೆಟ್ಟ ಸುದ್ದಿ ತಿಳಿಸುವ ಕೋಣೆಯಲ್ಲಿ. "ಅಪ್ಪನಿಗೆ ಹೇಳಬೇಡಿ ಡಾಕ್ಟರೇ, ನಮಗೆ ಹೇಳಿ" ಎಂಬುದು ನಮ್ಮ ನಾಡಿನ ಆಸ್ಪತ್ರೆಗಳಲ್ಲಿ ದಿನನಿತ್ಯದ ಮಾತು. ಬ್ರಿಟನ್ನಿನಲ್ಲಿ ರೋಗದ ಸತ್ಯ ಮೊದಲಿಗೆ ರೋಗಿಗೆ ಸೇರಿದ್ದು. ಆತನ ಒಪ್ಪಿಗೆಯಿಲ್ಲದೆ ಮಗನಿಗೂ ಹೇಳುವಂತಿಲ್ಲ. ಏಕಾಂತದಲ್ಲಿ ಕುಳ್ಳಿರಿಸಿ, ಆತನಿಗೆ ಈಗಾಗಲೇ ಏನು ಗೊತ್ತೆಂದು ಕೇಳಿ, ಎಷ್ಟು ತಿಳಿಯಬಯಸುತ್ತಾನೆಂದು ಅರಿತು, ಸ್ವಲ್ಪ ಸ್ವಲ್ಪವಾಗಿ ಹೇಳಿ, ಆತನ ಕಣ್ಣೀರಿಗೆ ಅವಕಾಶಕೊಟ್ಟು, ಮುಂದಿನ ದಾರಿಯನ್ನು ತೋರಿಸಬೇಕು.

ಪ್ರೀತಿಯಿಂದಲೇ ಸತ್ಯವನ್ನು ಮರೆಮಾಡುವ ನಮ್ಮ ಕುಟುಂಬಗಳು ಈ ಕ್ರಮವನ್ನು ನಿರ್ದಯವೆಂದು ತಿಳಿಯಬಹುದು. ಆದರೆ ಕ್ರೈಸ್ತರಾದ ನಾವು ಒಂದು ವಿಷಯವನ್ನು ಆಲೋಚಿಸಬೇಕು. ತನ್ನ ಸ್ಥಿತಿಯೇ ತಿಳಿಯದ ರೋಗಿ ಪಾಪನಿವೇದನೆ ಮಾಡುವುದು ಹೇಗೆ? ಮುನಿಸಿಕೊಂಡ ತಮ್ಮನನ್ನು ಕರೆಸಿ ರಾಜಿಯಾಗುವುದು ಯಾವಾಗ? ಗುರುಗಳು ಬಂದರೆ ರೋಗಿ ಹೆದರುತ್ತಾನೆಂದು, ಪ್ರಜ್ಞೆ ತಪ್ಪಿದ ಮೇಲೆ ರೋಗಿಗಳ ಅಭ್ಯಂಗ ಸಂಸ್ಕಾರಕ್ಕೆ ಓಡಿಹೋಗುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಪರೀಕ್ಷೆಗೆಂದು ನಮ್ಮ ಮಕ್ಕಳು ಕಲಿಯುವ ಈ ಪಾಠ ಅವರ ಮನೆಗಳಿಗೂ ಅಗತ್ಯವಾದುದು.

ಮನಸ್ಸಾಕ್ಷಿಯ ಮಾತು

ಗರ್ಭಪಾತದ ವಿಷಯದಲ್ಲಿ ಕಥೋಲಿಕ ವೈದ್ಯರ ಗತಿಯೇನೆಂದು ಅನೇಕ ತಂದೆತಾಯಿಗಳು ಚಿಂತಿಸುತ್ತಾರೆ. ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡಿಗೆ ಅನ್ವಯಿಸುವ 1967ರ ಕಾಯಿದೆಯ ನಾಲ್ಕನೆಯ ವಿಧಿಯು, ಮನಸ್ಸಾಕ್ಷಿಯ ವಿರೋಧವಿರುವವರನ್ನು ಗರ್ಭಪಾತದ ಚಿಕಿತ್ಸೆಯಲ್ಲಿ ಪಾಲ್ಗೊಳ್ಳುವುದರಿಂದ ವಿನಾಯಿತಿಗೊಳಿಸುತ್ತದೆ. ತಾಯಿಯ ಪ್ರಾಣವನ್ನುಳಿಸಲು ಅಥವಾ ಆಕೆಗೆ ಗಂಭೀರವೂ ಶಾಶ್ವತವೂ ಆದ ಹಾನಿಯನ್ನು ತಡೆಯಲು ಅಗತ್ಯವಾದ ಚಿಕಿತ್ಸೆಗೆ ಈ ವಿನಾಯಿತಿ ಇಲ್ಲ. 2014ರಲ್ಲಿ ಗ್ಲಾಸ್ಗೋದ ಇಬ್ಬರು ಕಥೋಲಿಕ ಸೂಲಗಿತ್ತಿಯರ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ಪಾಲ್ಗೊಳ್ಳುವುದೆಂದರೆ ನೇರವಾಗಿ ಕೈಯಿಕ್ಕುವುದು ಮಾತ್ರ, ಮೇಲ್ವಿಚಾರಣೆ ಅದರಲ್ಲಿ ಸೇರದು ಎಂದು ಹಕ್ಕಿನ ಗಡಿಯನ್ನು ಕಿರಿದುಗೊಳಿಸಿತು. ವೈದ್ಯನು ರೋಗಿಯನ್ನು ಹೀಯಾಳಿಸಬಾರದು, ಬೇರೆ ವೈದ್ಯರನ್ನು ಕಾಣುವ ಹಕ್ಕು ಆಕೆಗಿದೆಯೆಂದು ತಿಳಿಸಬೇಕು ಎಂಬುದು ಕೌನ್ಸಿಲ್ಲಿನ ನಿಯಮ. ಜಗದ್ಗುರು ದ್ವಿತೀಯ ಜಾನ್ ಪೌಲರು 1995ರ 'ಎವಾಂಜೆಲಿಯುಂ ವೀತೆ' ವಿಶ್ವಪತ್ರದಲ್ಲಿ ಮನಸ್ಸಾಕ್ಷಿಯ ವಿರೋಧವನ್ನು ಹಕ್ಕೆಂದೂ ಕರ್ತವ್ಯವೆಂದೂ ಸಾರಿದ್ದಾರೆ. ಹೊರಡುವ ಮೊದಲು ಇದೆಲ್ಲವನ್ನೂ ಓದಿ, ಬಲ್ಲ ಗುರುಗಳೊಡನೆ ಚರ್ಚಿಸಿ ಮನಸ್ಸನ್ನು ಗಟ್ಟಿಮಾಡಿಕೊಂಡವನು, ಅಲ್ಲಿ ಇಕ್ಕಟ್ಟು ಬಂದಾಗ ಒರಟಾಗದೆ, ಅಳುಕದೆ ಉತ್ತರಿಸಬಲ್ಲನು.

ಮನೆಯವರ ಕರ್ತವ್ಯ

ಪರೀಕ್ಷೆಯ ಶುಲ್ಕ, ವೀಸಾ, ವಿಮಾನದ ಟಿಕೆಟು, ಮ್ಯಾಂಚೆಸ್ಟರಿನಲ್ಲಿ ವಸತಿ, ತರಬೇತಿ ಎಲ್ಲ ಸೇರಿ ಹಲವು ಲಕ್ಷ ರೂಪಾಯಿಗಳ ಬಾಬ್ತು. ತೋಟ ಅಡವಿಟ್ಟೋ ಅಕ್ಕನ ಮದುವೆಯ ಉಳಿತಾಯದಿಂದಲೋ ಈ ಹಣ ಹೊಂದಿಸುವ ಮನೆಗಳಿವೆ. ಅಂಥವರಿಗೆ ಒಂದು ಎಚ್ಚರಿಕೆಯ ಮಾತು: ಉತ್ತೀರ್ಣತೆ ಎಂದರೆ ನೋಂದಣಿಗೆ ಅರ್ಹತೆ, ಉದ್ಯೋಗವಲ್ಲ. ಇತ್ತೀಚಿನ ವರ್ಷಗಳಲ್ಲಿ ಪರೀಕ್ಷೆ ಗೆದ್ದ ಪರದೇಶಿ ವೈದ್ಯರ ಸಂಖ್ಯೆ ಏರಿ, ಕಿರಿಯ ಹುದ್ದೆಗಳಿಗೆ ತೀವ್ರ ಪೈಪೋಟಿ ಉಂಟಾಗಿದೆ. ನೂರಾರು ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಆದುದರಿಂದ ಹೊರಡುವ ಮುನ್ನ, ಅಲ್ಲಿ ಈಗ ಕೆಲಸದಲ್ಲಿರುವವರಿಂದ ಇಂದಿನ ಸ್ಥಿತಿಯನ್ನು ಕೇಳಿ ತಿಳಿಯಿರಿ. ಹತ್ತು ವರ್ಷದ ಹಿಂದೆ ಹೋದವರ ಯಶಸ್ಸನ್ನು ಅಳತೆಗೋಲಾಗಿಸಬೇಡಿ.

ಫಲಿತಾಂಶ ಬರಲು ಸುಮಾರು ನಾಲ್ಕು ವಾರಗಳು ಬೇಕು. ಆ ಅವಧಿಯಲ್ಲಿ ಪ್ರತಿ ಸಂಜೆ ಫೋನ್ ಮಾಡಿ "ಬಂತೇ?" ಎಂದು ಕೇಳುವುದು, ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ "ಮಗ ಲಂಡನಿನಲ್ಲಿ ಡಾಕ್ಟರ್ ಆದ" ಎಂದು ಮುಂಚಿತವಾಗಿ ಸಾರುವುದು ಎರಡೂ ಬೇಡ. ಮೊದಲ ಪ್ರಯತ್ನದಲ್ಲಿ ಸೋತವರು ಮತ್ತೆ ಬರೆಯಬಹುದು, ಆದರೆ ಅವಕಾಶಗಳಿಗೆ ಮಿತಿಯಿದೆ. ಸೋತವನು ಕೆಟ್ಟ ವೈದ್ಯನೆಂದು ಅರ್ಥವಲ್ಲ. ಸಾಲದ ಲೆಕ್ಕ ಒಪ್ಪಿಸುವ ಬದಲು "ಊಟ ಮಾಡಿದೆಯಾ ಮಗಾ?" ಎಂದು ಕೇಳುವ ತಾಯಿಯ ದನಿ ಆ ಹೊತ್ತಿನಲ್ಲಿ ಔಷಧಿಗಿಂತ ಮಿಗಿಲು. ಒಂಟಿತನ ಬಾಧಿಸುವವರಿಗೆ ನಗರದ ನಡುವಿನ ಮಲ್‌ಬೆರಿ ಬೀದಿಯಲ್ಲಿ, 1794ರಷ್ಟು ಹಿಂದಿನ ಇತಿಹಾಸವುಳ್ಳ ಸಂತ ಮರಿಯಮ್ಮನವರ ದೇವಾಲಯವಿದೆ. 'ಅಡಗಿದ ರತ್ನ' ಎಂಬರ್ಥದ ಹೆಸರಿನಿಂದ ಜನ ಅದನ್ನು ಕರೆಯುತ್ತಾರೆ.

ಎದುರು ದಿಕ್ಕಿನಲ್ಲಿ ಬಂದವರು

ನಮ್ಮ ವೈದ್ಯರು ಕಡಲು ದಾಟುವ ಎಷ್ಟೋ ಮೊದಲೇ ಎದುರು ದಿಕ್ಕಿನಿಂದ ಕಡಲು ದಾಟಿ ಬಂದ ವೈದ್ಯೆಯೊಬ್ಬರನ್ನು ಇಲ್ಲಿ ಸ್ಮರಿಸುವುದು ಯುಕ್ತ. ಆಸ್ಟ್ರೇಲಿಯಾದ ಮೆಲ್ಬೋರ್ನಿನಲ್ಲಿ ಪದವಿ ಪಡೆದ ಮೇರಿ ಗ್ಲೌರಿಯವರು 1920ರಲ್ಲಿ ಆಂಧ್ರದ ಗುಂಟೂರಿಗೆ ಬಂದು ಧರ್ಮಭಗಿನಿಯಾದರು. ಸನ್ಯಾಸ ವ್ರತದಲ್ಲಿದ್ದುಕೊಂಡೇ ವೈದ್ಯವೃತ್ತಿ ನಡೆಸಲು ಅವರಿಗೆ ಜಗದ್ಗುರುಗಳ ವಿಶೇಷ ಅನುಮತಿ ಬೇಕಾಯಿತು. ಅವರೂ ಪರದೇಶದಲ್ಲಿ ಕಲಿತ ವೈದ್ಯೆಯೇ. ಪರಭಾಷೆಯ, ಪರಸಂಸ್ಕೃತಿಯ ರೋಗಿಗಳ ಭಯವನ್ನೂ ನಿರೀಕ್ಷೆಯನ್ನೂ ಅವರೂ ಮೊದಲಿನಿಂದ ಕಲಿಯಬೇಕಾಗಿತ್ತು. 1943ರಲ್ಲಿ ಭಾರತದ ಕಥೋಲಿಕ ಆಸ್ಪತ್ರೆಗಳ ಒಕ್ಕೂಟಕ್ಕೆ ಬುನಾದಿ ಹಾಕಿದ ಅವರು 1957ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಕೊನೆಯುಸಿರೆಳೆದರು. 2013ರಲ್ಲಿ ಧರ್ಮಸಭೆ ಅವರನ್ನು ದೇವರ ಸೇವಕಿ ಎಂದು ಘೋಷಿಸಿತು.

ಅವರ ಮುಂದೆ ಗಂಟೆಯೂ ಇರಲಿಲ್ಲ, ಮೂಲೆಯಲ್ಲಿ ಕುಳಿತ ಪರೀಕ್ಷಕರೂ ಇರಲಿಲ್ಲ. ಇಂದಿನ ಮಕ್ಕಳಿಗೆ ಅವೆರಡೂ ಇವೆ. ಎಂಟು ನಿಮಿಷಗಳ ಮಟ್ಟಿಗೆ ಅಪರಿಚಿತನೊಬ್ಬನಿಗೆ ಪೂರ್ಣ ಕಿವಿಗೊಡಲು ಕಲಿತವರು ಮ್ಯಾಂಚೆಸ್ಟರಿನಲ್ಲಿ ನೆಲೆಸಲಿ, ಮಂಗಳೂರಿಗೇ ಮರಳಲಿ, ಆ ಕಲಿಕೆ ವ್ಯರ್ಥವಾಗದು. ವೈದ್ಯರ ಪಾಲಕರಾದ ಸಂತ ಲೂಕರ ಮಧ್ಯಸ್ಥಿಕೆಯನ್ನು ಬೇಡುತ್ತಾ, ಪರೀಕ್ಷೆಗೆ ಸಿದ್ಧರಾಗುತ್ತಿರುವ ನಮ್ಮ ಮಕ್ಕಳನ್ನು ಇಂದಿನ ಕುಟುಂಬ ಜಪಸರದಲ್ಲಿ ನೆನೆಯೋಣ.