ಮಧ್ಯಾಹ್ನದ ಊಟಕ್ಕೆ ಹೋಟೆಲ್ ಹುಡುಕೋದು ಹೇಗೆ? ಹೈದರಾಬಾದ್‌ನಲ್ಲಿ ನಾನು ಮಾಡಿದ ಪ್ರಯೋಗ

ಇವತ್ತಿನ ಮಾತು ಕೋಡಿಂಗ್ ಬಗ್ಗೆ ಅಲ್ಲ, ಸಂಬಳದ ಬಗ್ಗೆನೂ ಅಲ್ಲ. ಊಟದ ಬಗ್ಗೆ.

ನಮ್ಮದು ಸಿಂಧನೂರು. ಕೆಲಸ ಹೈದರಾಬಾದ್‌ನ ಮಾದಾಪುರದಲ್ಲಿ. ಅವ್ವ ದಿನಾ ಮಧ್ಯಾಹ್ನ ಫೋನ್ ಮಾಡಿ ಕೇಳೋದು ಒಂದೇ ಮಾತು: "ಊಟ ಆತೇನು? ಏನ್ ಉಂಡಿ?" ಮೊದಲನೇ ಪ್ರಶ್ನೆಗೆ "ಆತವ್ವಾ" ಅಂತ ಹೇಳಿಬಿಡ್ತಿದ್ದೆ. ಎರಡನೇದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇರ್ತಿರಲಿಲ್ಲ. ಮೀಟಿಂಗ್ ಮುಗಿದ ಮೇಲೆ ಆ್ಯಪ್ ತೆರೆದು, ಮೊದಲು ಕಂಡದ್ದನ್ನ ತರಿಸಿ, ಲ್ಯಾಪ್‌ಟಾಪ್ ಮುಂದೆಯೇ ತಿಂದು ಮುಗಿಸೋದು. ಅದಕ್ಕೆ ಊಟ ಅನ್ನೋದಾದರೂ ಹೇಗೆ?

ಕಳೆದ ವರ್ಷ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಎಚ್‌ಬಿಎ1ಸಿ 6.1 ಬಂತು. ಇದು ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳೋ ಪರೀಕ್ಷೆ. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀವಿ ಅಂತ ಅರ್ಥ. ನಮ್ಮಪ್ಪನಿಗೆ ಆ ಕಾಯಿಲೆ ಇದೆ, ಅದರ ಕಷ್ಟ ಕಣ್ಣಾರೆ ಕಂಡಿದ್ದೀನಿ. ಡಾಕ್ಟರ್ ಕೂಡ ಅವ್ವನ ಪ್ರಶ್ನೆಯನ್ನೇ ಕೇಳಿದ್ರು: "ಮಧ್ಯಾಹ್ನ ಏನು ತಿಂತೀರಿ?"

ಅವತ್ತೇ ನಿರ್ಧಾರ ಮಾಡಿದೆ. ಆಫೀಸಿನಿಂದ ಹತ್ತು ನಿಮಿಷ ನಡೆದರೆ ಸಿಗೋ ಹೋಟೆಲ್‌ಗಳನ್ನೆಲ್ಲ ಒಂದೊಂದಾಗಿ ನೋಡೋದು, ವಾರದ ಐದು ದಿನಕ್ಕೂ ಆಗುವಂಥದ್ದನ್ನ ಆರಿಸೋದು.

ವೀಕೆಂಡ್ ಊಟ ಬೇರೆ, ವಾರದ ಊಟ ಬೇರೆ

ಶನಿವಾರ ಹೋಟೆಲ್‌ಗೆ ಹೋದಾಗ ನಾವು ಕೇಳೋದು ರುಚಿ ಮಾತ್ರ. ಉಂಡು ಬಂದು ಮಲಗಿದರಾಯ್ತು. ಮಂಗಳವಾರದ ಊಟ ಹಾಗಲ್ಲ. ಎರಡೂವರೆಗೆ ಮತ್ತೆ ಕೂತು ಕೆಲಸ ಮಾಡಬೇಕು. ಅದಕ್ಕೇ ನಾನು ಹೋಟೆಲ್‌ಗೆ ಅಂಕ ಕೊಟ್ಟಿದ್ದು ಊಟ ಮುಗಿದಾಗ ಅಲ್ಲ, ಸಂಜೆ ನಾಲ್ಕಕ್ಕೆ. ನಿದ್ದೆ ತೂಗ್ತಿದೆಯಾ? ವಿಪರೀತ ಬಾಯಾರಿಕೆಯಾ? ಹೊಟ್ಟೆ ಉರಿಯಾ? ಮೂರಕ್ಕೂ "ಇಲ್ಲ" ಅಂದರೆ ಪಾಸ್.

ಒಂದೇ ಸಲ ಹೋಗಿ ತೀರ್ಮಾನ ಮಾಡಬೇಡಿ. ಒಂದು ಹೋಟೆಲ್‌ಗೆ ಮೂರು ಬೇರೆ ಬೇರೆ ದಿನ ಹೋಗಿ. ಒಂದು ದಿನವಾದರೂ ಹನ್ನೆರಡೂವರೆಗೆ ಹೋಗಿ, ಒಂದು ದಿನ ಒಂದೂಕಾಲಿಗೆ. ರಶ್ ಇದ್ದಾಗ ತಟ್ಟೆ ಹೇಗೆ ತೊಳೀತಾರೆ, ಪಲ್ಯ ಮುಗಿದ ಮೇಲೆ ಏನು ಬಡಿಸ್ತಾರೆ, ಆವಾಗ ಗೊತ್ತಾಗುತ್ತೆ.

ಆಂಧ್ರ ಮೀಲ್ಸ್: ಉಣ್ಣೋದಕ್ಕೊಂದು ಕ್ರಮ ಇದೆ

ಇಲ್ಲಿನ ಮೀಲ್ಸ್ ಹೋಟೆಲ್‌ನಲ್ಲಿ ನಮ್ಮವರು ಮಾಡೋ ತಪ್ಪು ಅಂದರೆ ಎಲ್ಲವನ್ನೂ ಒಟ್ಟಿಗೆ ಕಲಸೋದು. ಕ್ರಮ ಹೀಗಿದೆ: ಮೊದಲು ಪಪ್ಪು, ಅಂದರೆ ಬೇಳೆ. ಜೊತೆಗೆ ಅನ್ನಕ್ಕೆ ಪುಡಿ ಅಥವಾ ಪಚ್ಚಡಿ, ಮೇಲೆ ತುಪ್ಪ. ಆಮೇಲೆ ಹುಳಿಯಾದ ಪುಲುಸು ಅಥವಾ ಸಾಂಬಾರ್, ನಂತರ ಚಾರು, ಅಂದರೆ ನಮ್ಮ ಸಾರು. ಕೊನೆಗೆ ಪೆರುಗು, ಮೊಸರು. ಗೋಂಗೂರ ಅಂದಾಗ ಹೆದರಬೇಡಿ, ಅದು ನಮ್ಮ ಪುಂಡಿ ಸೊಪ್ಪೇ.

ನೋಡಿ, ಈ ಕ್ರಮದಲ್ಲಿ ಪ್ರತಿ ಸುತ್ತಿಗೂ ಅನ್ನ ಬರುತ್ತೆ. "ಅನ್‌ಲಿಮಿಟೆಡ್" ಅಂತ ಬೋರ್ಡಿನಲ್ಲಿ ಬರೆದಿರೋದರಲ್ಲಿ ನಿಜವಾಗಿ ಧಾರಾಳವಾಗಿ ಸಿಗೋದು ಅನ್ನವೇ. ನನ್ನ 6.1ರ ಮೂಲ ಇಲ್ಲೂ ಇತ್ತು. ಡಾಕ್ಟರ್ ಹೇಳಿದ ಉಪಾಯ ಸರಳ: ತರಕಾರಿ, ಬೇಳೆ ಮೊದಲು ತಿನ್ನಿ, ಅನ್ನ ಆಮೇಲೆ. ಹೀಗೆ ಉಂಡರೆ ಊಟದ ನಂತರ ಸಕ್ಕರೆ ಒಮ್ಮೆಲೇ ಏರೋದು ಕಡಿಮೆ. ಜೊತೆಗೆ ಎರಡು ತೆಲುಗು ಪದ ಕಲಿತುಕೊಳ್ಳಿ. "ತಕ್ಕುವ" ಅಂದರೆ ಕಡಿಮೆ, "ಚಾಲಂಡಿ" ಅಂದರೆ ಸಾಕು ಕಣ್ರೀ.

ಬಿರಿಯಾನಿ, ಕರ್ರಿ ಪಾಯಿಂಟ್, ರೊಟ್ಟಿ

ಹೈದರಾಬಾದ್‌ನಲ್ಲಿದ್ದು ಬಿರಿಯಾನಿ ಬಿಡಿ ಅಂತ ನಾನು ಹೇಳಲ್ಲ. ವಾರಕ್ಕೊಮ್ಮೆ, ಒಂದು ಪ್ಲೇಟ್ ಇಬ್ಬರಿಗೆ. ಜೊತೆ ಕೊಡೋ ಮಿರ್ಚಿ ಕಾ ಸಾಲನ್‌ನಲ್ಲಿ ಶೇಂಗಾ, ಎಳ್ಳು, ಕೊಬ್ಬರಿ ಎಲ್ಲ ಇರುತ್ತೆ, ಅದೂ ಹಗುರ ಅಲ್ಲ.

ಇಲ್ಲಿನ ನಿಜವಾದ ಉಪಕಾರಿ ಕರ್ರಿ ಪಾಯಿಂಟ್. ಸಣ್ಣ ಅಂಗಡಿ, ಕೂರೋಕೆ ಜಾಗ ಇರಲ್ಲ. ಪಲ್ಯ, ಪಪ್ಪು, ಸಾಂಬಾರ್ ಮಾತ್ರ ಕಟ್ಟಿಕೊಡ್ತಾರೆ. ರೂಮಿನಿಂದ ಬರೀ ಚಪಾತಿ ಅಥವಾ ಅನ್ನ ತಂದರೆ ಸಾಕು. ಸಂಜೆ ರಸ್ತೆ ಬದಿ ಹೆಂಗಸರು ತಟ್ಟಿ ಕೊಡೋ ಜೊನ್ನ ರೊಟ್ಟೆ ಕೂಡ ಇದೆ. ನಮ್ಮ ಜೋಳದ ರೊಟ್ಟಿಯೇ. ನಾನು ಹಿಂದಿನ ಸಂಜೆ ಎರಡು ಒಯ್ದು, ಮರುದಿನ ಡಬ್ಬಿಗೆ ಹಾಕಿಕೊಳ್ತೀನಿ. ರೊಟ್ಟಿ ಆರಿದರೂ ಕೆಡೋದಿಲ್ಲ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ?

ಬಿಲ್ ಓದಿ

ಸಾಮಾನ್ಯ ರೆಸ್ಟೋರೆಂಟ್‌ನಲ್ಲಿ ಜಿಎಸ್‌ಟಿ ಶೇಕಡಾ 5. ಕಾಂಪೊಸಿಷನ್ ಸ್ಕೀಮ್‌ನಲ್ಲಿರೋ ಸಣ್ಣ ಹೋಟೆಲ್ ಗ್ರಾಹಕನಿಂದ ಜಿಎಸ್‌ಟಿ ತೆಗೆದುಕೊಳ್ಳುವ ಹಾಗೇ ಇಲ್ಲ. ಸರ್ವಿಸ್ ಚಾರ್ಜ್ ಕೊಡೋದು ನಿಮ್ಮ ಇಷ್ಟ. ಅದನ್ನ ತಾನಾಗೇ ಬಿಲ್‌ಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಬಿಲ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದೆಯಾ ಅಂತಲೂ ನೋಡಿ.

ನನ್ನ ಲೆಕ್ಕ ಹೇಳ್ತೀನಿ. ಒಂದು ಹೋಟೆಲ್‌ನಲ್ಲಿ ಕೂತು ಉಂಡರೆ 140 ರೂಪಾಯಿ. ಅದೇ ಊಟ ಆ್ಯಪ್‌ನಲ್ಲಿ ತರಿಸಿದಾಗ ಎಲ್ಲ ಸೇರಿ 235. ವ್ಯತ್ಯಾಸ 95. ತಿಂಗಳಿಗೆ 22 ದಿನ ಅಂದರೆ 2,090 ರೂಪಾಯಿ. ಬರೀ ಹತ್ತು ನಿಮಿಷ ನಡೆಯದೇ ಇದ್ದದ್ದಕ್ಕೆ!

ಕೊನೆಗೆ ಏನಾಯ್ತು?

ಈಗ ಎರಡು ದಿನ ಒಂದು ಸಣ್ಣ ಮೀಲ್ಸ್ ಹೋಟೆಲ್, ಎರಡು ದಿನ ರೊಟ್ಟಿ ಮತ್ತು ಕರ್ರಿ ಪಾಯಿಂಟ್ ಪಲ್ಯ, ಒಂದು ದಿನ ಟೀಮ್ ಜೊತೆ ಎಲ್ಲಿಗಾದರೂ. ನಾಲ್ಕು ತಿಂಗಳ ನಂತರದ ರಿಪೋರ್ಟ್ 5.8. ಹೊಸ್ತಿಲು ದಾಟಿ ಆಚೆ ಬಂದಿಲ್ಲ, ಆದರೆ ದಿಕ್ಕು ಸರಿಯಿದೆ. ನಡಿಗೆಯ ಪಾಲೂ ಇದೆ ಅಂದ್ರು ಡಾಕ್ಟರ್. ನಿಮ್ಮ ರಿಪೋರ್ಟ್‌ಗೆ ನಿಮ್ಮ ಡಾಕ್ಟರನ್ನೇ ಕೇಳಿ.

ಮೀಲ್ಸ್ ಹೋಟೆಲ್‌ನಲ್ಲಿ ಬಡಿಸೋ ಅಣ್ಣನಿಗೆ ಈಗ ನಾನು ಏನೂ ಹೇಳಬೇಕಾಗಿಲ್ಲ. ನನ್ನ ನೋಡಿದ ಕೂಡಲೇ ಪಲ್ಯ ಎರಡು ಸೌಟು, ಅನ್ನ ಅರ್ಧ. ಒಂದು ವಾರ ರಜೆಗೆ ಊರಿಗೆ ಹೋಗಿ ಬಂದಾಗ "ಆರೋಗ್ಯ ಸರಿ ಇರಲಿಲ್ಲವಾ?" ಅಂತ ವಿಚಾರಿಸಿದ. ಈ ಊರಿಗೆ ಬಂದು ಮೂರು ವರ್ಷದಲ್ಲಿ ಆಫೀಸಿನ ಹೊರಗಿನವರು ಹಾಗೆ ಕೇಳಿದ್ದು ಅದೇ ಮೊದಲು.

ಅವ್ವನ ಫೋನ್ ಈಗಲೂ ಬರುತ್ತೆ. "ಏನ್ ಉಂಡಿ?"

"ಪುಂಡಿ ಪಲ್ಯ, ರೊಟ್ಟಿ" ಅಂತೀನಿ. ಆ ಕಡೆ ಒಂದು ಕ್ಷಣ ಸುಮ್ಮನಾಗಿ, "ಉಳ್ಳಾಗಡ್ಡಿ ಇತ್ತೇನು?" ಅಂತಾಳೆ.

ನೀವಿರೋ ಊರಲ್ಲಿ ನಾಳೆ ಮಧ್ಯಾಹ್ನ ಒಂದು ಹತ್ತು ನಿಮಿಷ ನಡೆದು ನೋಡಿ.