ಗಣಕಯಂತ್ರದ ರಿಜಿಸ್ಟ್ರಿಯನ್ನು ಶುಚಿಗೊಳಿಸಬೇಕೇ?

ರಿಜಿಸ್ಟ್ರಿ ಎಂದೊಡನೆ ನಮ್ಮಂಥ ಬೆಳೆಗಾರರಿಗೆ ನೆನಪಾಗುವುದು ಸಬ್‌ರಿಜಿಸ್ಟ್ರಾರ್ ಕಛೇರಿ, ಛಾಪಾಕಾಗದ, ಸಾಕ್ಷಿಗಳ ರುಜು. ಆದರೆ ಈಚೆಗೆ ಸಂಘದ ಕಛೇರಿಗೆ ಬರುವ ಸದಸ್ಯರಲ್ಲಿ ಹಲವರು ವಿಚಾರಿಸುತ್ತಿರುವುದು ಬೇರೊಂದು ರಿಜಿಸ್ಟ್ರಿಯ ವಿಷಯ. ಮನೆಯ ಗಣಕಯಂತ್ರದ ಪರದೆಯ ಮೇಲೆ, ತಾವು ಏನನ್ನೂ ಕೇಳದಿದ್ದರೂ, ನಿಮ್ಮ ರಿಜಿಸ್ಟ್ರಿಯಲ್ಲಿ ನೂರಾರು ದೋಷಗಳಿವೆ, ತಕ್ಷಣ ಸರಿಪಡಿಸಿಕೊಳ್ಳಿ ಎಂಬ ಕೆಂಪಕ್ಷರದ ಎಚ್ಚರಿಕೆ ಮೂಡುತ್ತದೆ. ಅದರ ಬೆನ್ನಿಗೇ ರಿಜಿಸ್ಟ್ರಿ ಕ್ಲೀನರ್ ಎಂಬ ತಂತ್ರಾಂಶದ ಮಾರಾಟ. ಇದನ್ನು ಹಾಕಿಕೊಳ್ಳಬಹುದೇ, ಹಾಕಿಕೊಂಡರೆ ಯಂತ್ರ ಚುರುಕಾಗುವುದೇ, ಅಪಾಯವೇನಾದರೂ ಉಂಟೇ ಎಂಬುದು ಅವರ ಪ್ರಶ್ನೆ. ಬೇಡ ಎಂಬುದೇ ನನ್ನ ಉತ್ತರ. ಆದರೆ ಕಾರಣ ತಿಳಿಸದೆ ಬೇಡವೆಂದರೆ ಯಾರೂ ಒಪ್ಪುವುದಿಲ್ಲ. ಅದೂ ಅಲ್ಲದೆ ಈಗ ನಮ್ಮಲ್ಲಿ ಅನೇಕರ ತೋಟದ ಲೆಕ್ಕ, ಕಾರ್ಮಿಕರ ಬಟವಾಡೆ ಪಟ್ಟಿ, ತೆರಿಗೆಯ ಕಾಗದಪತ್ರ, ಬ್ಯಾಂಕಿನ ವ್ಯವಹಾರ ಎಲ್ಲವೂ ಆ ಒಂದೇ ಯಂತ್ರದೊಳಗಿದೆ. ಆದುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಈ ರಿಜಿಸ್ಟ್ರಿ ಎಂದರೇನೆಂದು ನೋಡೋಣ. ಹಿಂದೆ ವಿಂಡೋಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ತಂತ್ರಾಂಶವೂ ತನಗೆ ಬೇಕಾದ ಏರ್ಪಾಡುಗಳನ್ನು ಐಎನ್‌ಐ ಎಂಬ ಜಾತಿಯ ಸಣ್ಣಪುಟ್ಟ ಕಡತಗಳಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಕಡತಗಳು ಹೆಚ್ಚಿದಂತೆ ಯಾವುದು ಎಲ್ಲಿದೆ ಎಂಬುದೇ ತಿಳಿಯದಂತಾಯಿತು. 1992ರ ವಿಂಡೋಸ್ 3.1ರಲ್ಲಿ ರಿಜಿಸ್ಟ್ರಿ ಚಿಕ್ಕ ಪ್ರಮಾಣದಲ್ಲಿ ಬಂತು. 1995ರ ವಿಂಡೋಸ್ 95ರಿಂದೀಚೆಗೆ ಅದೇ ಮನೆಬಳಕೆಯ ಯಂತ್ರದ ಮುಖ್ಯ ದಾಖಲೆ ಪುಸ್ತಕವಾಯಿತು. ಯಾವ ಪ್ರಿಂಟರ್ ಜೋಡಿಸಿದೆ, ಯಾವ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು, ಯಂತ್ರ ಚಾಲೂ ಆಗುವಾಗ ಏನೇನು ಎಬ್ಬಿಸಬೇಕು, ಹೀಗೆ ಲಕ್ಷಾಂತರ ನಮೂದುಗಳು ಅದರಲ್ಲಿವೆ. ವಿಂಡೋಸ್ ಫೋಲ್ಡರಿನಲ್ಲಿ ಸಿಸ್ಟಮ್32, ಅದರೊಳಗೆ ಕಾನ್ಫಿಗ್ ಎಂಬ ಫೋಲ್ಡರ್ ಇದೆ. ಅಲ್ಲಿ ಸಿಸ್ಟಮ್, ಸಾಫ್ಟ್‌ವೇರ್, ಸೆಕ್ಯುರಿಟಿ ಮೊದಲಾದ ಹೆಸರಿನ ಕಡತಗಳಾಗಿ ಇದು ಕುಳಿತಿರುತ್ತದೆ. ಈ ಕಡತಗಳಿಗೆ ಇಂಗ್ಲಿಷಿನಲ್ಲಿ ಹೈವ್, ಅಂದರೆ ಜೇನುಗೂಡು ಎಂದೇ ಹೆಸರು. ತೋಟದಲ್ಲಿ ಜೇನುಗೂಡಿಗೆ ಕೈಹಾಕುವವನಿಗೆ ಇರುವಷ್ಟು ಜಾಗ್ರತೆ ಇಲ್ಲಿಯೂ ಬೇಕೆಂಬುದು ಹೆಸರಿಟ್ಟವರ ಅಭಿಪ್ರಾಯವಾಗಿರಲಿಕ್ಕಿಲ್ಲ. ಆದರೂ ಮಾತು ಸರಿಯಾಗಿದೆ.

ಈ ಪುಸ್ತಕದಲ್ಲಿ ಕಸ ಸೇರುವುದು ನಿಜ. ನಾವು ಒಂದು ತಂತ್ರಾಂಶವನ್ನು ತೆಗೆದುಹಾಕಿದಾಗ ಅದು ತನ್ನ ನಮೂದುಗಳನ್ನೆಲ್ಲ ಅಳಿಸಿ ಹೋಗುವುದಿಲ್ಲ. ಬಿಟ್ಟುಹೋದ ಬಾಡಿಗೆದಾರನ ಹೆಸರು ಗೋಡೆಯ ಮೇಲೆ ಉಳಿದಂತೆ ಕೆಲವು ಉಳಿಯುತ್ತವೆ. ಕ್ಲೀನರ್ ಮಾರುವವರು ಹಿಡಿದುಕೊಂಡಿರುವುದು ಈ ಅಂಶವನ್ನೇ. ಕಸ ಹೆಚ್ಚಿದೆ, ಆದ್ದರಿಂದ ಯಂತ್ರ ನಿಧಾನವಾಗಿದೆ ಎಂದು ಅವರ ವಾದ. ವಾದದ ಮೊದಲರ್ಧ ಸರಿ, ಎರಡನೆಯ ಅರ್ಧ ತಪ್ಪು.

ಏಕೆಂದರೆ ವಿಂಡೋಸ್ ಈ ಪುಸ್ತಕವನ್ನು ಮೊದಲ ಪುಟದಿಂದ ಓದುತ್ತಾ ಹೋಗುವುದಿಲ್ಲ. ತನಗೆ ಬೇಕಾದ ನಮೂದಿನ ಪೂರ್ಣ ವಿಳಾಸ ಅದಕ್ಕೆ ಗೊತ್ತಿರುತ್ತದೆ. ನೇರವಾಗಿ ಅಲ್ಲಿಗೇ ಹೋಗುತ್ತದೆ. ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಹೇಳಿದರೆ ಪಹಣಿ ಕೈಗೆ ಬರುತ್ತದಲ್ಲವೇ? ಪಕ್ಕದ ಗ್ರಾಮದ ನೂರು ಹಳೆಯ ಖಾತೆಗಳು ಹಾಗೆಯೇ ಬಿದ್ದಿದ್ದರೆ ನಮ್ಮ ಪಹಣಿ ಸಿಗುವುದು ಅದರಿಂದ ತಡವಾಗುವುದಿಲ್ಲ. ವಿಂಡೋಸಿನ ಒಳರಚನೆಯನ್ನು ಬಲ್ಲವರಲ್ಲಿ ಪ್ರಮುಖರಾದ ಮಾರ್ಕ್ ರುಸಿನೋವಿಚ್ ಅವರು 2005ರಲ್ಲೇ ಇದನ್ನು ತಿಳಿಸಿದ್ದರು. ರಿಜಿಸ್ಟ್ರಿ ಎಷ್ಟೇ ಉಬ್ಬಿದ್ದರೂ, ಇಡೀ ಪುಸ್ತಕವನ್ನು ಜಾಲಾಡುವ ಕೆಲಸವೊಂದನ್ನು ಬಿಟ್ಟರೆ, ಬೇರೆ ಯಾವುದಕ್ಕೂ ಗಮನಾರ್ಹ ತೊಂದರೆಯಿಲ್ಲ ಎಂಬುದು ಅವರ ಅಭಿಪ್ರಾಯದ ಸಾರ. ಮರುವರ್ಷ ಮೈಕ್ರೋಸಾಫ್ಟ್ ಸಂಸ್ಥೆಯೇ ಅವರನ್ನು ತನ್ನಲ್ಲಿಗೆ ಸೇರಿಸಿಕೊಂಡಿತು. ಇನ್ನು ಜಾಗ ಉಳಿಯುವ ಮಾತು. ಹೀಗೆ ಅಳಿಸುವ ನಮೂದುಗಳೆಲ್ಲ ಸೇರಿದರೂ ಸಾಮಾನ್ಯವಾಗಿ ಫೋನಿನಲ್ಲಿ ತೆಗೆದ ಒಂದು ಫೋಟೋದಷ್ಟು ಜಾಗವೂ ಉಳಿಯದು.

ಲಾಭವಿಲ್ಲದಿದ್ದರೆ ಹೋಗಲಿ, ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ಯಾವ ನಮೂದು ಕಸ, ಯಾವುದು ಬೇಕಾದದ್ದು ಎಂಬುದನ್ನು ಕ್ಲೀನರ್ ತೀರ್ಮಾನಿಸುವುದು ಊಹೆಯಿಂದ. ನಮೂದಿನಲ್ಲಿ ಹೇಳಿರುವ ಕಡತ ಆ ಕ್ಷಣಕ್ಕೆ ಸಿಗದಿದ್ದರೆ ಅದನ್ನು ದೋಷವೆಂದು ಎಣಿಸುತ್ತದೆ. ಆದರೆ ಆ ಕಡತ ಬೀರುವಿನಲ್ಲಿಟ್ಟಿರುವ ಪೆನ್‌ಡ್ರೈವಿನಲ್ಲಿರಬಹುದು. ಆಗ ಆರಿಸಿಟ್ಟ ಇನ್ನೊಂದು ಯಂತ್ರದಲ್ಲಿರಬಹುದು. ತಂತ್ರಾಂಶ ಬರೆದವನು ತನ್ನ ಪರವಾನಗಿಯ ಗುರುತಿಗೆಂದು ಬೇಕೆಂದೇ ಒಂದು ಖಾಲಿ ನಮೂದನ್ನು ಇಟ್ಟಿರಬಹುದು. ಇದು ಹೊರಗಿನ ಕ್ಲೀನರಿಗೆ ತಿಳಿಯುವ ಬಗೆ ಹೇಗೆ? ಮರಗಸಿಗೆ ತೋಟದ ಪರಿಚಯವಿಲ್ಲದವನನ್ನು ಹತ್ತಿಸಿದರೆ ಅವನು ಕಡಿಯುವ ಹತ್ತು ಕೊಂಬೆಗಳಲ್ಲಿ ಒಂಬತ್ತು ಸರಿಯೇ ಇರಬಹುದು; ಹತ್ತನೆಯದು ಕಾಫಿಗಿಡದ ಮೇಲೆಯೇ ಬೀಳುತ್ತದೆ.

ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಹೀಗೆಯೇ ಆಯಿತು. ಪುಕ್ಕಟೆ ಸಿಕ್ಕಿದ ಕ್ಲೀನರ್ ಒಂದನ್ನು ಓಡಿಸಿದ ಮೇಲೆ ಡಿಜಿಟಲ್ ಸಹಿಯ ಟೋಕನ್ನನ್ನು ಯಂತ್ರ ಗುರುತಿಸಲೇ ಇಲ್ಲ. ಟೋಕನ್ ಚುಚ್ಚಿರದ ಹೊತ್ತಿನಲ್ಲಿ ಅದರ ನಮೂದುಗಳು ಬೇಡದವಾಗಿ ಕಂಡಿರಬೇಕು. ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಗಳು ಬೇರೆ. ಪೇಟೆಯಿಂದ ಬಂದ ತಂತ್ರಜ್ಞ ಎರಡು ದಿನ ಕುಳಿತು ವಿಂಡೋಸನ್ನೇ ಹೊಸದಾಗಿ ಹಾಕಬೇಕಾಯಿತು. ಲೆಕ್ಕದ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿದ್ದುದರಿಂದ ಅಷ್ಟಕ್ಕೇ ಮುಗಿಯಿತು.

ಹಿಂದಿನ ಸ್ಥಿತಿಗೆ ಮರಳಬಹುದಲ್ಲ ಎನ್ನುವವರು ಒಂದು ವಿಷಯ ಗಮನಿಸಬೇಕು. ಮೊದಲು ವಿಂಡೋಸ್ ತಾನಾಗಿಯೇ ರಿಜಿಸ್ಟ್ರಿಯ ಒಂದು ಪ್ರತಿಯನ್ನು ರೆಗ್‌ಬ್ಯಾಕ್ ಎಂಬ ಫೋಲ್ಡರಿನಲ್ಲಿ ಇಡುತ್ತಿತ್ತು. 2018ರಲ್ಲಿ ಬಂದ ವಿಂಡೋಸ್ 10ರ 1803ನೆಯ ಆವೃತ್ತಿಯಿಂದ ಆ ಪದ್ಧತಿಯನ್ನು ನಿಲ್ಲಿಸಲಾಗಿದೆ. ಸಿಸ್ಟಮ್ ರಿಸ್ಟೋರ್ ಎಂಬ ಸೌಲಭ್ಯ ಇದೆಯಾದರೂ ಎಷ್ಟೋ ಯಂತ್ರಗಳಲ್ಲಿ ಅದು ಚಾಲೂ ಇರುವುದೇ ಇಲ್ಲ.

ಮೈಕ್ರೋಸಾಫ್ಟ್ ಸಂಸ್ಥೆ ಏನನ್ನುತ್ತದೆ? 1990ರ ದಶಕದಲ್ಲಿ ಆ ಸಂಸ್ಥೆಯೇ ರೆಗ್‌ಕ್ಲೀನ್ ಎಂಬ ಇಂಥದೇ ಉಪಕರಣವನ್ನು ಉಚಿತವಾಗಿ ಕೊಟ್ಟು, ಆಮೇಲೆ ಹಿಂತೆಗೆದುಕೊಂಡಿತು. ರಿಜಿಸ್ಟ್ರಿ ಕ್ಲೀನರುಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ, ಅವುಗಳಿಂದಾದ ಹಾನಿಗೆ ವಿಂಡೋಸನ್ನೇ ಮತ್ತೆ ಹಾಕಬೇಕಾಗಿ ಬರಬಹುದು, ಕೆಲವುಗಳಲ್ಲಿ ಬೇಹುಗಾರಿಕೆಯ ತಂತ್ರಾಂಶವೂ ಅಡಗಿರಬಹುದು ಎಂಬುದು ಅದು ಲಿಖಿತವಾಗಿ ಪ್ರಕಟಿಸಿರುವ ನೀತಿ. ಮನೆ ಕಟ್ಟಿದ ಮೇಸ್ತ್ರಿಯೇ ಈ ಗೋಡೆ ಮುಟ್ಟಬೇಡಿ ಎಂದಂತಾಯಿತು.

ಈ ವ್ಯಾಪಾರ ನಡೆಯುವ ಬಗೆಯನ್ನೂ ತಿಳಿದಿರಬೇಕು. ಇದರ ಬಂಡವಾಳವೇ ಭಯ. 2008ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯ ಸರ್ಕಾರ ರಿಜಿಸ್ಟ್ರಿ ಕ್ಲೀನರ್ ಎಕ್ಸ್‌ಪಿ ಎಂಬ ತಂತ್ರಾಂಶದವರ ಮೇಲೆ ದಾವೆ ಹೂಡಿತು. ಯಂತ್ರದಿಂದಲೇ ಬಂದಂತೆ ಕಾಣುವ ಸುಳ್ಳು ಎಚ್ಚರಿಕೆಗಳನ್ನು ಜನರ ಪರದೆಗೆ ಕಳುಹಿಸಿ, ಹೆದರಿದವರಿಗೆ ಸುಮಾರು 40 ಡಾಲರಿಗೆ ಸರಕು ಮಾರುತ್ತಿದ್ದರೆಂಬುದು ಆರೋಪ. ಇನ್ನೊಂದು ಪ್ರಕರಣ ಇದಕ್ಕಿಂತ ಸ್ವಾರಸ್ಯದ್ದು. ಅಲ್ಲಿನ ಆಫೀಸ್ ಡಿಪೋ ಎಂಬ ಹೆಸರಾಂತ ಮಳಿಗೆಗಳಲ್ಲಿ ಗಿರಾಕಿಯ ಯಂತ್ರವನ್ನು ಪುಕ್ಕಟೆ ತಪಾಸಣೆ ಮಾಡಿಕೊಡುತ್ತಿದ್ದರು. ಆರಂಭದಲ್ಲಿ ನಾಲ್ಕು ಪ್ರಶ್ನೆಗಳು: ಯಂತ್ರ ನಿಧಾನವೇ, ಆಗಾಗ ಕೆಟ್ಟು ನಿಲ್ಲುವುದೇ ಇತ್ಯಾದಿ. ಇವುಗಳಲ್ಲಿ ಒಂದಕ್ಕೆ ಹೌದೆಂದು ಗುರುತು ಹಾಕಿದರೂ ಸಾಕು, ತಪಾಸಣೆಯಲ್ಲಿ ಏನು ಸಿಕ್ಕಿತೆಂಬುದನ್ನು ಲೆಕ್ಕಿಸದೆ ರೋಗಲಕ್ಷಣ ಕಂಡಿದೆ ಎಂಬ ವರದಿ ಹೊರಬರುತ್ತಿತ್ತು! ಮಣ್ಣಿನ ಮಾದರಿಯನ್ನು ಬಿಚ್ಚದೆಯೇ ಗೊಬ್ಬರದ ಚೀಟಿ ಬರೆದುಕೊಟ್ಟಂತೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮಾಡಿದ ಈ ಆರೋಪದ ಇತ್ಯರ್ಥಕ್ಕಾಗಿ 2019ರಲ್ಲಿ ಆ ಮಳಿಗೆಯವರೂ ತಂತ್ರಾಂಶ ಒದಗಿಸಿದವರೂ ಒಟ್ಟು 3.5 ಕೋಟಿ ಡಾಲರ್ ಕೊಡಲು ಒಪ್ಪಿದರು.

2024ರಲ್ಲಿ ಅದೇ ಕಮಿಷನ್ ರೆಸ್ಟೋರೊ, ರಿಇಮೇಜ್ ಎಂಬ ಎರಡು ಸಂಸ್ಥೆಗಳಿಂದ 2.6 ಕೋಟಿ ಡಾಲರ್ ವಸೂಲಿಗೆ ಕ್ರಮ ಕೈಗೊಂಡಿತು. ತನಿಖೆಯವರು ಚೆನ್ನಾಗಿಯೇ ಇದ್ದ ಯಂತ್ರಗಳಲ್ಲಿ ತಪಾಸಣೆ ಮಾಡಿಸಿದಾಗಲೂ ನೂರಾರು ದೋಷಗಳು ಸಿಕ್ಕಿದವು. ತಂತ್ರಾಂಶ ಕೊಂಡವರು ಅದನ್ನು ಚಾಲೂ ಮಾಡಲು ಫೋನ್ ಮಾಡಬೇಕು. ಫೋನಿನಲ್ಲಿ ಸಿಕ್ಕವರು ಇನ್ನೂ ದೊಡ್ಡ ರಿಪೇರಿ ಬೇಕೆಂದು ನೂರಾರು ಡಾಲರ್ ಕೀಳುತ್ತಿದ್ದರು. ಹೀಗೆ ಸಿಕ್ಕಿಬಿದ್ದವರಲ್ಲಿ ವಯಸ್ಸಾದವರೇ ಹೆಚ್ಚು. ಮಕ್ಕಳೆಲ್ಲ ಬೆಂಗಳೂರು ಸೇರಿ, ಮನೆಯಲ್ಲಿ ಹಿರಿಯರಿಬ್ಬರೇ ಉಳಿದಿರುವ ನಮ್ಮ ಊರುಗಳಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು.

ಎಲ್ಲರೂ ವಂಚಕರೆಂದು ನಾನು ಹೇಳುತ್ತಿಲ್ಲ. ಸಿಕ್ಲೀನರ್ ಎಂಬುದು ಹೆಸರು ಮಾಡಿದ, ಕೋಟ್ಯಂತರ ಜನ ಬಳಸಿದ ತಂತ್ರಾಂಶ. ಆದರೆ 2017ರಲ್ಲಿ ಕಳ್ಳರು ಅದರ ತಯಾರಿಕೆಯ ಜಾಗಕ್ಕೇ ನುಗ್ಗಿ, 5.33ನೆಯ ಆವೃತ್ತಿಯೊಳಗೆ ಹಾನಿಕಾರಕ ಭಾಗವೊಂದನ್ನು ಸೇರಿಸಿದರು. ಸುಮಾರು 22 ಲಕ್ಷಕ್ಕೂ ಮೇಲ್ಪಟ್ಟು ಯಂತ್ರಗಳಿಗೆ ಅದು ಅಧಿಕೃತ ದಾರಿಯಿಂದಲೇ ಹೋಯಿತು. ಯಂತ್ರದ ಎಲ್ಲ ಬೀಗದ ಕೈಗಳನ್ನೂ ಇಂಥ ತಂತ್ರಾಂಶಕ್ಕೆ ಒಪ್ಪಿಸಬೇಕಾಗುತ್ತದೆ. ಲಾಭವಿಲ್ಲದ ಕೆಲಸಕ್ಕೆ ಬೀಗದ ಕೈ ಏಕೆ ಕೊಡಬೇಕು?

ಹಾಗಾದರೆ ನಿಧಾನವಾದ ಯಂತ್ರಕ್ಕೆ ಮಾಡಬೇಕಾದ್ದೇನು? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಸ್ಟಾರ್ಟ್‌ಅಪ್ ಭಾಗದಲ್ಲಿ, ಯಂತ್ರ ಎದ್ದೊಡನೆ ತಾನೂ ಎದ್ದು ಕೂರುವ ತಂತ್ರಾಂಶಗಳ ಪಟ್ಟಿಯಿದೆ. ಗೊತ್ತಿರುವ, ಬೇಡದವನ್ನು ಅಲ್ಲಿ ನಿಲ್ಲಿಸಬಹುದು. ಡಿಸ್ಕ್ ತುಂಬಿದ್ದರೆ ಸೆಟ್ಟಿಂಗ್ಸ್‌ನಲ್ಲಿರುವ ಸ್ಟೋರೇಜ್ ಸೆನ್ಸ್ ತಾತ್ಕಾಲಿಕ ಕಡತಗಳನ್ನು ತೆಗೆಯುತ್ತದೆ. ಇದು ವಿಂಡೋಸಿನದೇ ಸೌಲಭ್ಯ, ರಿಜಿಸ್ಟ್ರಿಯನ್ನು ಮುಟ್ಟುವುದಿಲ್ಲ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿದರೆ ಆಗುವ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಖರ್ಚು ಮಾಡುವುದೇ ಆದರೆ ಅಲ್ಲಿ ಮಾಡಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದನ್ನೇ ಬಳಸುತ್ತಿರುವವರು ಮುಂದಿನ ಏರ್ಪಾಡನ್ನೂ ಯೋಚಿಸಬೇಕು. ಎಲ್ಲಕ್ಕೂ ಮೊದಲು ಲೆಕ್ಕಪತ್ರದ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ.

ಒಂದು ತಂತ್ರಾಂಶ ಮರಳಿ ಸೇರಲೊಲ್ಲದೆ, ಹಳೆಯ ನಮೂದು ಅಡ್ಡಿಯಾಗುವುದು ಅಪರೂಪಕ್ಕೆ ಉಂಟು. ಆಗಲೂ ಆ ತಂತ್ರಾಂಶದವರೇ ಹೇಳಿದ ಒಂದು ನಮೂದನ್ನು, ಮೊದಲು ಎಕ್ಸ್‌ಪೋರ್ಟ್ ಮಾಡಿ ಪ್ರತಿ ಇಟ್ಟುಕೊಂಡು, ತಿಳಿದವರಿಂದ ತೆಗೆಸಿರಿ.

ಕ್ಲೀನರ್ ಈಗಾಗಲೇ ಯಂತ್ರದಲ್ಲಿದ್ದರೆ ಅದು ಎಷ್ಟೇ ದೋಷ ತೋರಿಸಲಿ, ಫಿಕ್ಸ್ ಎಂಬ ಗುಂಡಿ ಒತ್ತದೆ, ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಯಿಂದ ತೆಗೆದುಹಾಕಿ. ಕಾರ್ಡಿನ ಮೂಲಕ ಹಣ ಕಟ್ಟಿದವರು, ಪ್ರತಿವರ್ಷ ತಾನಾಗಿಯೇ ಹಣ ಕಡಿತವಾಗುವ ಒಪ್ಪಿಗೆ ಅದರಲ್ಲಿ ಸೇರಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿ ರದ್ದುಪಡಿಸಬೇಕು. ದೂರದಿಂದಲೇ ನಿಮ್ಮ ಯಂತ್ರ ನೋಡುತ್ತೇವೆ ಎಂದು ಫೋನ್ ಮಾಡುವವರಿಗೆ ಪರದೆಯ ಅನುಮತಿಯನ್ನಾಗಲಿ, ಓಟಿಪಿಯನ್ನಾಗಲಿ ಕೊಡಕೂಡದು. ಕೊಟ್ಟು ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ, ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ತಿಳಿಸತಕ್ಕದ್ದು.