ಗೋಡೆ ಕಡಿಮೆಯಾದ ಮನೆ

ಈಗಿನ ಹೊಸ ಮನೆಗಳಲ್ಲಿ ಪಡಸಾಲೆ, ಊಟದ ಕೋಣೆ, ಅಡಿಗೆಮನೆ ಎಂಬ ಭೇದವೇ ಕಾಣುವುದಿಲ್ಲ. ಎಲ್ಲವೂ ಸೇರಿ ಒಂದೇ ದೊಡ್ಡ ಹಾಲ್. ಇದಕ್ಕೆ ‘ಓಪನ್ ಪ್ಲಾನ್’ ಎಂದು ಹೆಸರು. ನಾವು ತೆರೆದ ವಿನ್ಯಾಸ ಎನ್ನೋಣ. ಇದು ಪರದೇಶದಿಂದ ಬಂದ ಶೋಕಿ ಎಂದು ಹಲವರು ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ.

ತೇನಿ, ಕಂಬಂ, ದಿಂಡಿಗಲ್ ಕಡೆಯವರಿಗೆ ಮಧುರೆ ದೂರವೇನಲ್ಲ. ಅಲ್ಲಿನ ಮೀನಾಕ್ಷಿ ದೇವಾಲಯದ ಸಾವಿರ ಕಂಬದ ಮಂಟಪದಲ್ಲಿ ಎಣಿಸಿದರೆ ಸಿಗುವುದು 985 ಕಂಬಗಳು. ಅಷ್ಟು ವಿಶಾಲವಾದ ಜಾಗವನ್ನು ಗೋಡೆಗಳಿಂದ ಕೋಣೆ ಕೋಣೆಯಾಗಿ ಒಡೆದಿಲ್ಲ. ಆದರೆ ಕಂಬಗಳೇಕೆ ಅಷ್ಟು ಒತ್ತಾಗಿವೆ? ಕಲ್ಲು ಮೇಲಿನಿಂದ ಬೀಳುವ ಭಾರವನ್ನು ಚೆನ್ನಾಗಿ ತಾಳುತ್ತದೆ. ಬಗ್ಗಿದರೆ ಮಾತ್ರ ಬಿರುಕು ಬಿಡುತ್ತದೆ. ಕಲ್ಲಿನ ತೊಲೆ ಉದ್ದವಾದಷ್ಟೂ ಮುರಿಯುವ ಭಯ ಹೆಚ್ಚು. ಆದ್ದರಿಂದ ಕಂಬಗಳು ಹತ್ತಿರ ಹತ್ತಿರವೇ ನಿಲ್ಲಬೇಕು.

ಕಾಂಕ್ರೀಟಿನ ಗುಣವೂ ಕಲ್ಲಿನದೇ. ಆದರೆ ತೊಲೆಯ ಕೆಳಭಾಗದಲ್ಲಿ ಉಕ್ಕಿನ ಕಂಬಿಗಳನ್ನಿಟ್ಟರೆ, ಬಾಗುವಾಗ ಉಂಟಾಗುವ ಎಳೆತವನ್ನು ಉಕ್ಕು ಹೊರುತ್ತದೆ. ಹಾಗಾಗಿ ಕಂಬಗಳು ದೂರ ದೂರ ನಿಲ್ಲಬಹುದು. 1914ರಲ್ಲಿ ಲ ಕಾರ್ಬೂಸಿಯೇ ಎಂಬ ವಾಸ್ತುಶಿಲ್ಪಿ ಕೆಲವೇ ಕಂಬ, ಚಪ್ಪಡಿ, ಮೆಟ್ಟಿಲು ಇಷ್ಟೇ ಇರುವ ಮನೆಯ ಚೌಕಟ್ಟೊಂದನ್ನು ಬರೆದು ತೋರಿಸಿದನು. ಅದರಲ್ಲಿ ಭಾರವೆಲ್ಲ ಕಂಬಗಳದು. ಗೋಡೆ ಬರಿಯ ಮರೆ. ಆತನ ಬಳಿ ಕೆಲಸ ಮಾಡಿದ ಬಾಲಕೃಷ್ಣ ದೋಶಿಯವರು ಮುಂದೆ ಬೆಂಗಳೂರಿನ ಐಐಎಂ ಕಟ್ಟಡಗಳನ್ನು ರೂಪಿಸಿದಾಗ, ಫತೇಪುರ್ ಸಿಕ್ರಿಯ ಜೊತೆಗೆ ಇದೇ ಮಧುರೆಯ ದೇವಾಲಯವನ್ನೂ ನೆನೆದರು. ಅಲ್ಲಿನ ಕಲ್ಲಿನ ಮೊಗಸಾಲೆಗಳಲ್ಲಿ ಗಾಳಿ, ಬೆಳಕು, ಮಾತುಕತೆ ಎಲ್ಲಕ್ಕೂ ಎಡೆಯಿದೆ.

ನಮ್ಮ ತೊಟ್ಟಿಮನೆಗಳೂ ತೆರೆದ ವಿನ್ಯಾಸವನ್ನು ಬಲ್ಲವು. ನಡುವಿನ ತೊಟ್ಟಿಯಿಂದ ಬೆಳಕು ಬರುತ್ತಿತ್ತು; ಸುತ್ತಲಿನ ಮೊಗಸಾಲೆ ಹಗಲು ಕೆಲಸಕ್ಕೆ, ರಾತ್ರಿ ನಿದ್ರೆಗೆ ಒದಗುತ್ತಿತ್ತು. ಕನ್ನಡದ ಜಗಲಿಯೇ ತಮಿಳರ ತಿಣ್ಣೈ; ದಾರಿಹೋಕನಿಗೂ ಅಲ್ಲಿ ಜಾಗವಿತ್ತು.

ಪೋಷಕರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಹಳೆಯ ಮಣ್ಣಿನ, ಇಟ್ಟಿಗೆಯ ಮನೆಗಳಲ್ಲಿ ಸೂರನ್ನು ಹೊತ್ತಿರುವುದು ಸಾಮಾನ್ಯವಾಗಿ ಗೋಡೆಯೇ. ‘ಹಾಲ್ ದೊಡ್ಡದಾಗಲಿ’ ಎಂದು ಅದನ್ನು ಒಡೆಸಿದರೆ ಮಾಡೇ ಮೇಲೆ ಬೀಳಬಹುದು. ಇಂಜಿನಿಯರನ್ನು ಕೇಳದೆ ಗೋಡೆಗೆ ಹಾರೆ ಹಾಕಿಸಬಾರದು. ಇನ್ನೊಂದು, ಗೋಡೆಯಿಲ್ಲದ ಮನೆಯಲ್ಲಿ ಅಡಿಗೆಯ ಹೊಗೆ, ಟಿ.ವಿ.ಯ ಸದ್ದು ಎಲ್ಲರ ಪಾಲಿಗೂ ಬರುತ್ತವೆ. ಪರೀಕ್ಷೆಗೆ ಓದುವ ಮಗು ಎಲ್ಲಿ ಕೂರಬೇಕು? ಒಂದು ಪುಸ್ತಕದ ಕಪಾಟನ್ನು ಅಡ್ಡವಿಟ್ಟು ಒಂದು ಮೂಲೆಯನ್ನಾದರೂ ಮಗುವಿಗೆ ಬಿಟ್ಟುಕೊಡಿ. ಓದುವ ಹೊತ್ತಿನಲ್ಲಿ ಟಿ.ವಿ. ಆರಿಸಿ.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋದೊಡನೆ ಒಮ್ಮೆ ಮೇಲೆ ನೋಡಿ. ನಿಮ್ಮ ಸೂರನ್ನು ಹೊತ್ತಿರುವುದು ಗೋಡೆಯೋ, ಕಂಬವೋ? ಅದನ್ನು ಕಂಡುಕೊಂಡರೆ ಈ ಪಾಠ ಮುಗಿದಂತೆ.